ನೀಲಿ ಸೀಸೆಯಲ್ಲಿ ಎಷ್ಟು ಕಡಲು?

ಆರುನೂರು ರೂಪಾಯಿಗೆ ನೂರು ಮಿಲಿಲೀಟರ್ ಸಮುದ್ರ ಸಿಗುವ ಕಾಲ ಇದು. ಸೀಸೆ ನೀಲಿ, ಮುಚ್ಚಳ ಬೆಳ್ಳಿ ಬಣ್ಣ, ಪೆಟ್ಟಿಗೆಯ ಮೇಲೊಂದು ಅಲೆ, ಹೆಸರಿನಲ್ಲಿ ‘ಅಕ್ವಾ’ ಅಥವಾ ‘ಓಷನ್’ ಇರಲೇಬೇಕು. ಅಂಗಡಿಯ ಹುಡುಗ ಸೀಸೆಯನ್ನು ಕೈಗಿಡುತ್ತಾ ದನಿ ತಗ್ಗಿಸಿ, “ಸೇಮ್ ಅರ್ಮಾನಿ ಸರ್, ಸ್ವಲ್ಪಾನೂ ವ್ಯತ್ಯಾಸ ಇಲ್ಲ” ಅನ್ನುತ್ತಾನೆ. ಕಾಗದದ ಪಟ್ಟಿಗೆ ಒಂದು ಸಲ ಚಿಮುಕಿಸಿ ಮೂಸಿದರೆ ಹುಡುಗ ಸುಳ್ಳು ಹೇಳುತ್ತಿಲ್ಲ ಎಂದೇ ತೋರುತ್ತದೆ. ಹೆಚ್ಚಿನವರು ದುಡ್ಡು ತೆಗೆಯುವುದು ಆ ಗಳಿಗೆಯಲ್ಲೇ. ಅಗ್ಗದ ನಕಲು ಮಾಡುವವರ ಮೇಲೆ ನನಗೆ ದೂರಿಲ್ಲ. ಆದರೆ ಅದನ್ನು ಅಳೆಯಲು ನಾವು ಆರಿಸಿಕೊಳ್ಳುವ ಹೊತ್ತು ಮಾತ್ರ ತೀರಾ ತಪ್ಪು.

ಯಾವುದರ ನಕಲು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಮೂಸಿದ ಅಗ್ಗದ ಕಡಲುಗಳಲ್ಲಿ ಹೆಚ್ಚಿನವು ಎರಡು ಸೀಸೆಗಳ ಕಡೆಗೆ ಬೆರಳು ತೋರಿಸುತ್ತವೆ. ಒಂದು 1988ರ ಡೇವಿಡಾಫ್ ಕೂಲ್ ವಾಟರ್, ಫ್ರಾನ್ಸಿನ ಪಿಯರ್ ಬೂರ್ದೋಂ ಹೆಣೆದದ್ದು. ಇನ್ನೊಂದು 1996ರಲ್ಲಿ ಜಾರ್ಜಿಯೊ ಅರ್ಮಾನಿ ಹೆಸರಿನಲ್ಲಿ ಬಂದ ಅಕ್ವಾ ದಿ ಜಿಯೊ, ಆಲ್ಬರ್ಟೊ ಮೊರಿಯಾಸ್ ಎಂಬ ಸುಗಂಧಕಾರನ ಕೆಲಸ. ಸಿಸಿಲಿಗೂ ಟ್ಯುನೀಶಿಯಾಕ್ಕೂ ನಡುವೆ ಪಾಂಟೆಲ್ಲೆರಿಯಾ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಅರ್ಮಾನಿಗೆ ಬೇಸಗೆಯ ಮನೆಯಿತ್ತು. ಆ ದ್ವೀಪದ ನೀರು, ಬಿಸಿಲು, ಕಲ್ಲುಗಳನ್ನೇ ಸೀಸೆಗೆ ಇಳಿಸಿದ್ದೇವೆ ಎಂಬುದು ಕಂಪನಿ ಹೇಳಿಕೊಂಡು ಬಂದ ಕಥೆ. ಕಥೆ ಸೊಗಸಾಗಿದೆ. ಪರಿಮಳ ಹುಟ್ಟಿದ್ದು ಮಾತ್ರ ಪ್ರಯೋಗಶಾಲೆಯಲ್ಲಿ.

ಇದರಲ್ಲಿ ಮೋಸವೇನೂ ಇಲ್ಲ. ಬೆಳಗಿನ ಹೊತ್ತು ಮಲ್ಪೆ ಬಂದರಿನಲ್ಲಿ ನಿಂತು ಉಸಿರೆಳೆದವರನ್ನು ಕೇಳಿ, ನಿಜವಾದ ಕಡಲ ವಾಸನೆಯನ್ನು ಯಾರೂ ಕತ್ತಿಗೆ ಹಚ್ಚಿಕೊಂಡು ಆಫೀಸಿಗೆ ಹೋಗುವುದಿಲ್ಲ. ಬಂಗುಡೆ, ಭೂತಾಯಿ, ಡೀಸೆಲ್, ಕರಗಿ ಹರಿಯುವ ಐಸು ಇವೆಲ್ಲ ಬಂದರಿನ ಪಾಲು, ಬಿಡಿ. ಜನರೇ ಇಲ್ಲದ ದಡಕ್ಕೆ ಹೋದರೂ ಮೂಗಿಗೆ ಸಿಗುವುದು ಗಂಧಕದ ಸಂಯುಕ್ತವೇ. ನೀರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ತಮ್ಮೊಳಗೆ ಕೂಡಿಟ್ಟುಕೊಂಡ ಒಂದು ರಾಸಾಯನಿಕವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಡೈಮಿಥೈಲ್ ಸಲ್ಫೈಡ್ ಎಂಬ ಅನಿಲ ಹೊರಬರುತ್ತದೆ. ಬೆಂದ ಎಲೆಕೋಸಿನ ವಾಸನೆಯಲ್ಲೂ ಇರುವುದು ಇದೇ. ಕೆಲವು ಕಡಲ ಹಕ್ಕಿಗಳು ಇದರ ಜಾಡು ಹಿಡಿದು ಮೇವು ಹುಡುಕುತ್ತವೆ. ಹಕ್ಕಿಗಳಿಗೆ ಅದು ಊಟದ ಕರೆ, ಮನುಷ್ಯರಿಗೆ ಅಷ್ಟೇನೂ ಅಲ್ಲ. ಹಾಗಾಗಿ ಸುಗಂಧಕಾರರು ಕಡಲನ್ನು ಬಿಟ್ಟು, ಕಡಲಿನ ಬಗ್ಗೆ ಪಟ್ಟಣದವರಿಗಿರುವ ಆಸೆಯನ್ನು ಸೀಸೆಗೆ ತುಂಬಿದರು. ತಂಪು, ಉಪ್ಪುಗಾಳಿ, ಆಗಷ್ಟೇ ಸ್ನಾನ ಮುಗಿಸಿದ ಮೈ, ಒಗೆದು ಒಣಗಿಸಿದ ಬಿಳಿ ಅಂಗಿ.

ಕಡಲಿಂದಲೇ ಬಂದ ಸುಗಂಧ ಬೇಕೆಂದು ಹಟ ಹಿಡಿಯುವವರಿಗೆ ಅದೂ ಇದೆ, ನಮ್ಮ ದೇಶದಲ್ಲೇ. ಉತ್ತರ ಪ್ರದೇಶದ ಕನೌಜಿನಲ್ಲಿ ಕಡಲ ಚಿಪ್ಪುಗಳನ್ನು ಹುರಿದು, ಭಟ್ಟಿ ಇಳಿಸಿ ‘ಚೋಯಾ ನಖ್’ ಎಂಬ ತೈಲ ತೆಗೆಯುತ್ತಾರೆ. ಹೊಗೆ, ಸುಟ್ಟ ವಾಸನೆ, ಎಲ್ಲೋ ಹಿಂದೆ ಒಂದಿಷ್ಟು ಉಪ್ಪು. ಬಲ್ಲವರು ಅದನ್ನು ಹನಿಯ ಲೆಕ್ಕದಲ್ಲಿ ಬೇರೆ ಸುಗಂಧಕ್ಕೆ ಬೆರೆಸುತ್ತಾರೆ. ಅದೊಂದನ್ನೇ ಹಾಕಿಕೊಂಡು ಬಿ.ಎಂ.ಟಿ.ಸಿ. ಬಸ್ಸು ಹತ್ತಿದರೆ ಕೂರಲು ಸೀಟೇನೋ ಸಿಕ್ಕೀತು.

ಪಟ್ಟಣದವರ ಈ ಕಡಲಿಗೆ ಬೆನ್ನೆಲುಬಾದದ್ದು ಕ್ಯಾಲೋನ್ ಎಂಬ ಅಣು. 1966ರಲ್ಲಿ ಅದನ್ನು ತಯಾರಿಸಿದವರು ಔಷಧಿ ಕಂಪನಿ ಫೈಜರ್‌ನ ರಸಾಯನಶಾಸ್ತ್ರಜ್ಞರು. ಕಲ್ಲಂಗಡಿಯ ಸಿಪ್ಪೆಯ ಬಳಿಯ ಬಿಳಿ ಭಾಗ, ಆಗಷ್ಟೇ ಬಿಡಿಸಿದ ಚಿಪ್ಪು, ತಣ್ಣನೆಯ ಲೋಹ, ಇಷ್ಟನ್ನೂ ಒಟ್ಟಿಗೆ ನೆನೆದುಕೊಂಡರೆ ಅದರ ವಾಸನೆಯ ಹತ್ತಿರ ಬರಬಹುದು. ಬಹಳ ಕಾಲ ಯಾರೂ ಅದನ್ನು ಧಾರಾಳವಾಗಿ ಬಳಸುವ ಧೈರ್ಯ ಮಾಡಲಿಲ್ಲ. 1990ರಲ್ಲಿ ಅರಾಮಿಸ್ ಕಂಪನಿಯ ನ್ಯೂ ವೆಸ್ಟ್ ಎಂಬ ಹೆಂಗಸರ ಸುಗಂಧದಲ್ಲಿ ಶೇ 1ಕ್ಕೂ ಮೀರಿ ಹಾಕಿದರು. ಶೇ 1 ಅಂದರೆ ಅಷ್ಟೇನಾ ಅನ್ನಿಸಬಹುದು. ಕ್ಯಾಲೋನ್‌ನ ಮಟ್ಟಿಗೆ ಅದು ಕಿರುಚಾಟ. ಆಮೇಲೆ 1991ರಲ್ಲಿ ಕೆಂಜೊ, 1992ರಲ್ಲಿ ಇಸ್ಸೆ ಮಿಯಾಕೆ, 1996ರಲ್ಲಿ ಅರ್ಮಾನಿ. ತೊಂಬತ್ತರ ದಶಕದ ಗಂಡಸರು ಹೆಂಗಸರೆಲ್ಲ ಒಂದೇ ಕಡಲಲ್ಲಿ ಮುಳುಗೆದ್ದರು.

ಕೂಲ್ ವಾಟರ್‌ನ ತಂಪು ಬೇರೆ ಕಡೆಯಿಂದ ಬಂದದ್ದು. ಡೈಹೈಡ್ರೊಮಿರ್ಸೆನಾಲ್ ಎಂಬ ಉದ್ದ ಹೆಸರಿನ, ನಿಂಬೆ ಮತ್ತು ಲ್ಯಾವೆಂಡರ್ ನಡುವೆ ಎಲ್ಲೋ ನಿಲ್ಲುವ ಅಣು ಅದರ ಆಧಾರ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಆ ಸುಗಂಧದ ಜಾತಕವೂ ಸ್ವಾರಸ್ಯದ್ದು. ಅದಕ್ಕಿಂತ ಮೂರು ವರ್ಷ ಮೊದಲು, 1985ರಲ್ಲಿ, ಕ್ರೀಡ್ ಎಂಬ ದುಬಾರಿ ಸುಗಂಧದ ಮನೆ ಗ್ರೀನ್ ಐರಿಷ್ ಟ್ವೀಡ್ ತಂದಿತ್ತು. ಎರಡನ್ನೂ ಅಕ್ಕಪಕ್ಕ ಮೂಸಿದವರಿಗೆ ಅಣ್ಣತಮ್ಮಂದಿರು ಎಂದು ಹೇಳಿಕೊಡಬೇಕಿಲ್ಲ. ಎರಡರ ಹಿಂದೆಯೂ ಬೂರ್ದೋಂ ಕೈಯಿದೆ ಎಂಬುದು ಆ ಲೋಕದಲ್ಲಿ ಗುಟ್ಟಾಗಿಯೂ ಉಳಿದಿಲ್ಲ. ಬೆಲೆಯಲ್ಲಿ ಮಾತ್ರ ಅಣ್ಣ ಬಹಳ ಮೇಲೆ. ಅಗ್ಗದ ತಮ್ಮನೇ ಲೋಕಪ್ರಸಿದ್ಧನಾದ, ಈಗ ಅವನನ್ನೇ ಇನ್ನೂ ಅಗ್ಗಕ್ಕೆ ನಕಲು ಮಾಡುತ್ತಾರೆ. ಇಷ್ಟು ತಿಳಿದ ಮೇಲೆ ಆರುನೂರರ ಸೀಸೆ ಕಂಡು ಮೂಗು ಮುರಿಯಲು ನನಗಂತೂ ಮುಖವಿಲ್ಲ.

ಕಾನೂನು ಏನನ್ನುತ್ತದೆ ಎಂದು ಕೇಳುವವರಿಗೆ ಒಂದು ಮಾತು. ಮೂಲದ ಹೆಸರು, ಪೆಟ್ಟಿಗೆ, ಸೀಸೆಯ ಆಕಾರ ಎಲ್ಲವನ್ನೂ ಹಾಗೇ ಅಚ್ಚೊತ್ತಿ ‘ಫಸ್ಟ್ ಕಾಪಿ’ ಎಂದು ಮಾರುವುದು ಶುದ್ಧ ಅಪರಾಧ, ಅದರ ಬಗ್ಗೆ ಚರ್ಚೆಯೇ ಬೇಡ. ತನ್ನದೇ ಹೆಸರಿಟ್ಟುಕೊಂಡು ಪರಿಮಳವನ್ನಷ್ಟೇ ಅನುಕರಿಸುವುದು ಬೇರೆ ವಿಷಯ. 2006ರ ಜೂನ್‌ನಲ್ಲಿ ಒಂದೇ ವಾರದೊಳಗೆ ಯುರೋಪಿನ ಎರಡು ಸರ್ವೋಚ್ಚ ನ್ಯಾಯಾಲಯಗಳು ಇದರ ಬಗ್ಗೆ ಒಂದಕ್ಕೊಂದು ತದ್ವಿರುದ್ಧವಾಗಿ ತೀರ್ಪು ಕೊಟ್ಟವು. ಸುಗಂಧದ ತವರಾದ ಫ್ರಾನ್ಸ್, ಪರಿಮಳಕ್ಕೆ ಕೃತಿಸ್ವಾಮ್ಯ ಇಲ್ಲ, ಅದು ಕುಶಲ ಕೈಕೆಲಸವಷ್ಟೇ ಎಂದಿತು. ನೆದರ್ಲೆಂಡ್ಸ್ ಮಾತ್ರ ಲಾಂಕೋಮ್ ಕಂಪನಿಯ ಟ್ರೆಸಾರ್ ಪ್ರಕರಣದಲ್ಲಿ, ಕೃತಿಸ್ವಾಮ್ಯ ಇರಬಹುದು ಎಂದಿತು. 2009ರಲ್ಲಿ ಯುರೋಪಿನ ನ್ಯಾಯಾಲಯ, ‘ನಮ್ಮ ಈ ನಂಬರು ಅಂದರೆ ಅವರ ಆ ಹೆಸರು’ ಎಂಬಂಥ ಹೋಲಿಕೆಯ ಪಟ್ಟಿ ಹಂಚುವುದು ಬೇರೆಯವರ ಹೆಸರಿನ ಲಾಭ ಪಡೆದಂತೆ ಎಂದು ಲೋರಿಯಲ್ ಪರವಾಗಿ ಹೇಳಿತು. ಅಂಗಡಿಯ ಹುಡುಗ ದನಿ ತಗ್ಗಿಸುವುದು, ಪೆಟ್ಟಿಗೆಯ ಮೇಲೆ ಅರ್ಮಾನಿ ಹೆಸರು ಇಲ್ಲದಿರುವುದು ಸುಮ್ಮನೆ ಅಲ್ಲ.

ಇನ್ನು ನಕಲು ಆಗುವುದು ಹೇಗೆ ಎಂಬುದಕ್ಕೆ ಬರೋಣ. ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ಯಂತ್ರಕ್ಕೆ ಮೂಲದ ಒಂದು ತೊಟ್ಟು ಕೊಟ್ಟರೆ, ಅದರಲ್ಲಿರುವ ಅಣುಗಳು ಒಂದೊಂದಾಗಿ ಬೇರ್ಪಟ್ಟು ಹೊರಬರುತ್ತವೆ. ಜೊತೆಗಿರುವ ಮಾಸ್ ಸ್ಪೆಕ್ಟ್ರೊಮೀಟರ್ ಪ್ರತಿಯೊಂದನ್ನೂ ಗುರುತಿಸಿ ಎಷ್ಟೆಷ್ಟಿದೆ ಎಂದು ಗೀಟೆಳೆದು ತೋರಿಸುತ್ತದೆ. ಹಿಂದಿನ ಕಾಲದ ಪಳಗಿದ ಮೂಗು ತಿಂಗಳುಗಟ್ಟಲೆ ಹೆಣಗಬೇಕಿದ್ದ ಕೆಲಸ ಒಂದೆರಡು ಗಂಟೆಗೆ ಮುಗಿಯುತ್ತದೆ. ಹಾಗಿದ್ದರೆ ನಕಲು ನೂರಕ್ಕೆ ನೂರು ಆಗಬೇಕಿತ್ತಲ್ಲ? ಆಗುವುದಿಲ್ಲ. ಬರ್ಗಮಾಟ್ ಅಥವಾ ಪಚೌಲಿಯಂಥ ಸಹಜ ತೈಲದಲ್ಲಿ ನೂರಾರು ಅಣುಗಳಿರುತ್ತವೆ, ಗೀಟಿನಲ್ಲಿ ಕಂಡೂ ಕಾಣದಷ್ಟು ಸಣ್ಣವೇ ಕೆಲವೊಮ್ಮೆ ಮೂಗಿಗೆ ದೊಡ್ಡವು. ಜಿವೋಡಾನ್, ಐ.ಎಫ್.ಎಫ್. ತರಹದ ದೊಡ್ಡ ಕಂಪನಿಗಳು ಕೆಲವು ಅಣುಗಳನ್ನು ಹೊರಗೆ ಮಾರದೆ ತಮ್ಮ ಸುಗಂಧಕಾರರಿಗಷ್ಟೇ ಇಟ್ಟುಕೊಳ್ಳುತ್ತವೆ. ಇಷ್ಟಾಗಿಯೂ ದೊಡ್ಡ ಅಡ್ಡಿ ಯಂತ್ರದ್ದಲ್ಲ, ಲೆಕ್ಕಪತ್ರದ್ದು. ಏನೇನಿದೆ ಎಂದು ಗೊತ್ತಾದ ಮೇಲೂ ಅದನ್ನೆಲ್ಲ ಹಾಕಿದರೆ ಆರುನೂರಕ್ಕೆ ಗಿಟ್ಟುವುದಿಲ್ಲ.

ಎಲ್ಲಿ ಉಳಿಸುತ್ತಾರೆ? ಇಲ್ಲಿದೆ ಇಡೀ ವ್ಯವಹಾರದ ಗುಟ್ಟು. ಸುಗಂಧದಲ್ಲಿ ಮೊದಲು ಹಾರಿಹೋಗುವುದು ನಿಂಬೆ ಜಾತಿಯ ಹಗುರ ಅಣುಗಳು, ಹದಿನೈದು ನಿಮಿಷದಿಂದ ಅರ್ಧ ಗಂಟೆ ಅವುಗಳ ಆಯಸ್ಸು. ಅಗ್ಗಕ್ಕೆ ಸಿಗುವವೂ ಹೆಚ್ಚಾಗಿ ಅವೇ, ಅಂಗಡಿಯಲ್ಲಿ ನಾವು ಮೂಸುವುದೂ ಅವನ್ನೇ. ಕೊನೆಗೆ ಉಳಿಯುವ ಬಿಳಿ ಕಸ್ತೂರಿಯಂಥ ಕೃತಕ ಅಣುಗಳಲ್ಲೂ ಅಗ್ಗದವು ಬೇಕಾದಷ್ಟಿವೆ. ದುಬಾರಿಯಾಗುವುದು ನಡುವಿನ ಭಾಗ. ಅಕ್ವಾ ದಿ ಜಿಯೊದ ನಡುವೆ ಹೆಡಿಯೋನ್ ಎಂಬ ಮಲ್ಲಿಗೆಯ ಛಾಯೆಯ ಅಣುವಿದೆ. 1966ರಲ್ಲಿ ಎಡ್ಮಂಡ್ ರೂಡ್ನಿಟ್ಸ್ಕಾ ಡಿಯೋರ್‌ಗಾಗಿ ಮಾಡಿದ ಓ ಸೊವಾಜ್‌ನಿಂದ ಅದು ಹೆಸರಾಯಿತು. ಅದರ ವಾಸನೆ ಜೋರಿಲ್ಲ. ಆದರೆ ತನ್ನ ಸುತ್ತಲಿನ ಎಲ್ಲಕ್ಕೂ ಗಾಳಿಯಾಡುವ ಜಾಗ ಕೊಡುತ್ತದೆ. ಅದರಲ್ಲಿಯೇ ಉತ್ತಮ ದರ್ಜೆ, ಸಾಧಾರಣ ದರ್ಜೆ ಎಂದಿದೆ, ಬೆಲೆಯೂ ಅದರಂತೆ. ಅಗ್ಗದ ನಕಲಿನಲ್ಲಿ ಮೊದಲು ಸೊರಗುವುದು ಇದು. ಕ್ಯಾಲೋನ್ ಮಾತ್ರ ಸೊರಗುವುದಿಲ್ಲ, ಏಕೆಂದರೆ ಅದು ಸ್ವಲ್ಪ ಸಾಕು, ತುಂಬ ಹೊತ್ತು ನಿಲ್ಲುತ್ತದೆ. ಸುತ್ತಲಿನವು ಹಾರಿಹೋದ ಮೇಲೆ ಅದೊಂದೇ ಕತ್ತೆತ್ತಿ ನಿಲ್ಲುತ್ತದೆ. ಒಗ್ಗರಣೆ ಘಮ್ಮೆನ್ನುವ, ಬೇಳೆಯೇ ಇಲ್ಲದ ಸಾರಿನ ಹಾಗೆ.

ಅಂಥದೊಂದು ಸೀಸೆ ಈಗ ನನ್ನ ಮೇಜಿನ ಮೇಲಿದೆ, ಕಂಪನಿಯ ಹೆಸರು ಬೇಡ. ಮೊದಲ ಹತ್ತು ನಿಮಿಷ ನಿಜಕ್ಕೂ ಚೆನ್ನ. ಬರ್ಗಮಾಟ್‌ನ ಕಹಿಯೊಳಗಿನ ಸಿಹಿ, ಅದರ ಹಿಂದೆ ಒದ್ದೆ ಗಾಳಿ. ಮೂಲದ ಜೊತೆ ಇಟ್ಟು ಕಣ್ಣು ಮುಚ್ಚಿ ಮೂಸಿದರೆ ತಪ್ಪು ಹೇಳುವ ಸಂಭವವೇ ಹೆಚ್ಚು. ಅರ್ಧ ಗಂಟೆ ಕಳೆಯುವಾಗ ಒಂದು ಒರಟುತನ ಏಳುತ್ತದೆ, ನೆಲ ಒರೆಸುವ ದ್ರವದ ನೆನಪು ತರುವಂಥದ್ದು. ಇದು ಬರಿಯ ಕುಹಕವಲ್ಲ, ರಸಾಯನಶಾಸ್ತ್ರ. ಆಗ ಹೇಳಿದ ಡೈಹೈಡ್ರೊಮಿರ್ಸೆನಾಲ್ ಸಾಬೂನು, ಸೋಡಾಗಳ ನಡುವೆಯೂ ಕೆಡದ ಗಟ್ಟಿ ಪಿಂಡ. ಹಾಗಾಗಿ ಬಟ್ಟೆಯ ಪುಡಿಗೂ ಬಚ್ಚಲಿನ ಕ್ಲೀನರಿಗೂ ಅದನ್ನು ಧಾರಾಳವಾಗಿ ಹಾಕುತ್ತಾರೆ. ಮೂಲದಲ್ಲಿ ಅದನ್ನು ಮರೆಮಾಡುವ ಹೂವು, ಗಿಡಮೂಲಿಕೆಗಳ ಹೊದಿಕೆ ಇದೆ. ನಕಲಿನಲ್ಲಿ ಹೊದಿಕೆ ತೆಳು, ಮೈ ಕಾಣುತ್ತದೆ. ಎರಡು ಗಂಟೆಗೆ ಕಲ್ಲಂಗಡಿ ಮೇಲೆದ್ದಿತು, ಸ್ವಲ್ಪ ಹುಳಿಯಾಗಿ. ಮೂರು ದಾಟಿದ ಮೇಲೆ ಉಳಿದದ್ದು ಯಾವ ಸಾಬೂನಿನಲ್ಲೂ ಸಿಗುವ ಕಸ್ತೂರಿ. ಕೆಟ್ಟದ್ದಲ್ಲ, ಆದರೆ ಅದಕ್ಕೆ ಊರಿಲ್ಲ, ಹೆಸರಿಲ್ಲ. ಮೂಲದಲ್ಲಿ ಅದೇ ಹೊತ್ತಿಗೆ ಪಚೌಲಿಯೂ ಮರದ ಒಣ ಛಾಯೆಯೂ ಮೆಲ್ಲಗೆ ಮುಂದೆ ಬಂದು, ಉಪ್ಪಿನ ನೆನಪನ್ನು ಇನ್ನೂ ಹಿಡಿದುಕೊಂಡಿರುತ್ತವೆ.

ಹೀಗಾಗಿ ಕೊಳ್ಳುವ ಮುಂಚೆ ಅಂಗಡಿಯಿಂದ ಹೊರಗೆ ನಡೆಯಿರಿ. ಒಂದು ಮುಂಗೈಗೆ ನಕಲು ಹಾಕಿಸಿ, ಇನ್ನೊಂದಕ್ಕೆ ಮಾಲ್‌ನ ಕೌಂಟರಿನಲ್ಲಿರುವ ಟೆಸ್ಟರ್‌ನಿಂದ ಮೂಲ. ಉಜ್ಜಬೇಡಿ. ಊಟ ಮಾಡಿ, ಓಡಾಡಿ, ಮಧ್ಯಾಹ್ನ ಹಾಕಿದ್ದನ್ನು ಸಂಜೆ ಮೂಸಿ. ತೀರ್ಪು ನಾಲ್ಕನೆಯ ಗಂಟೆಯದು. ಕಾಗದದ ಪಟ್ಟಿಯನ್ನು ನಂಬಿ ಕೆಡಬೇಡಿ, ಕಾಗದಕ್ಕೆ ಬೆವರಿಲ್ಲ, ಬಿಸಿಯಿಲ್ಲ. ಕೌಂಟರಿನಲ್ಲಿ ಇಟ್ಟಿರುವ ಕಾಫಿ ಬೀಜದ ಬಟ್ಟಲು ಮೂಗನ್ನು ತೊಳೆಯುತ್ತದೆ ಎಂಬುದೂ ಬರಿ ನಂಬಿಕೆ, ಹೊರಗಿನ ಗಾಳಿಗಿಂತ ಅದೇನೂ ಹೆಚ್ಚು ಮಾಡುವುದಿಲ್ಲ. ಚಿಕ್ಕಮಗಳೂರಿನವರು ಕ್ಷಮಿಸಬೇಕು.

“ಒಂದು ಗಂಟೆಗೇ ಹೋಯಿತು” ಎಂದು ದೂರುವ ಮುನ್ನ ಪಕ್ಕದವರನ್ನು ಕೇಳಿ. ಒಂದೇ ವಾಸನೆಯಲ್ಲಿ ಮುಳುಗಿದ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ನಮಗೆ ಹೋದದ್ದು ಲಿಫ್ಟಿನಲ್ಲಿ ಜೊತೆಗಿದ್ದವರಿಗೆ ಹೋಗಿರುವುದಿಲ್ಲ. ಆಮೇಲೆ ಊರಿನ ಹವೆ. ಬೆಂಗಳೂರಿನ ಡಿಸೆಂಬರಿನಲ್ಲಿ ತೆಳ್ಳಗೆ, ಸಭ್ಯವಾಗಿ ನಡೆದುಕೊಂಡ ಸೀಸೆ ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಬೇರೆಯದೇ ಆಗುತ್ತದೆ. ಬಿಸಿಗೆ ಹಗುರ ಅಣುಗಳು ಇನ್ನೂ ಬೇಗ ಹಾರುತ್ತವೆ, ಕ್ಯಾಲೋನ್ ಬೆವರಿನ ಜೊತೆ ಸೇರಿ ಕತ್ತು ಹಿಡಿಯುತ್ತದೆ. ಕರಾವಳಿಯವರು ಇಂಥದನ್ನು ಮೈಗಿಂತ ಬಟ್ಟೆಗೆ, ಅದೂ ಕಡಿಮೆ ಹಾಕಿಕೊಳ್ಳುವುದು ಮೇಲು.

ಮತ್ತೊಂದು ಸಲಹೆಯೂ ಈಗ ಎಲ್ಲೆಡೆ ಓಡಾಡುತ್ತಿದೆ. ಸೀಸೆ ತಂದು, ನಾಲ್ಕು ಸಲ ಚಿಮುಕಿಸಿ, ಕತ್ತಲ ಕಪಾಟಿನಲ್ಲಿ ಒಂದೆರಡು ತಿಂಗಳು ಇಟ್ಟರೆ ನಕಲು ಪಕ್ವವಾಗಿ ಮೂಲದ ಹಾಗೇ ಆಗುತ್ತದಂತೆ. ಕಾರ್ಖಾನೆಯಲ್ಲಿ ಸುಗಂಧದ ಮಿಶ್ರಣವನ್ನು ಆಲ್ಕೋಹಾಲಿಗೆ ಬೆರೆಸಿ ಕೆಲವು ವಾರ ಇಡುವ ಪದ್ಧತಿ ಇರುವುದು ನಿಜ. ಅವಸರಕ್ಕೆ ಸೀಸೆ ತುಂಬಿದ್ದರೆ ಮೊದಲಿನ ಸ್ಪಿರಿಟ್ಟಿನ ಘಾಟು ಸ್ವಲ್ಪ ಇಳಿದೀತು. ಆದರೆ ಹಾಕದೇ ಬಿಟ್ಟ ಹೆಡಿಯೋನ್ ಕಪಾಟಿನಲ್ಲಿ ಮೊಳೆಯುವುದಿಲ್ಲ. ಎರಡು ತಿಂಗಳಲ್ಲಿ ಪಕ್ವವಾಗುವುದು ಹೆಚ್ಚಾಗಿ ಕೊಂಡವರ ಸಹನೆ.

ಶಿವಾಜಿನಗರದ ಅತ್ತರಿನ ಅಂಗಡಿಯಲ್ಲಿ ಇದೇ ಕಡಲನ್ನು ಎಣ್ಣೆಯ ರೂಪದಲ್ಲಿ, ತೊಲದ ಲೆಕ್ಕದಲ್ಲಿ ಕೊಡುತ್ತಾರೆ. ಮೈಗೆ ಅಂಟಿಕೊಂಡು ತುಂಬ ಹೊತ್ತು ಇರುತ್ತದೆ, ನಿಜ. ಆದರೆ ಈ ಜಾತಿಯ ಸುಗಂಧಕ್ಕೆ ಎಣ್ಣೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ತಂಪನ್ನು ಮೂಗಿಗೆ ಹೊತ್ತು ತರುವುದೇ ಆಲ್ಕೋಹಾಲು, ಅದಿಲ್ಲದೆ ಕಡಲು ಮೇಲೇಳುವುದಿಲ್ಲ. ಗಂಧ, ಊದ್, ಗುಲಾಬಿಗೆ ಎಣ್ಣೆ ಸರಿ. ಹೇಳಿಕೇಳಿ ನಾವು ಗಂಧದ ನಾಡಿನವರು, 1916ರ ಹೊತ್ತಿಗೇ ಮೈಸೂರಿನಲ್ಲಿ ಗಂಧದೆಣ್ಣೆ ತೆಗೆಯಲು ಶುರುಮಾಡಿದವರು. ಇಂದು ನಮ್ಮ ದೇವರ ಕೋಣೆಯ ಅಗ್ಗದ ಗಂಧದ ಊದುಬತ್ತಿಯಲ್ಲಿ ಗಂಧದೆಣ್ಣೆ ಹುಡುಕಿದರೆ ಸಿಗುವುದು ಕಷ್ಟ, ಅಲ್ಲೂ ಕೆಲಸ ಮಾಡುತ್ತಿರುವುದು ಕೃತಕ ಅಣುಗಳೇ. ಅದಕ್ಕೆ ಯಾರೂ ತಕರಾರು ತೆಗೆದದ್ದಿಲ್ಲ.

ಪೆಟ್ಟಿಗೆಯ ಹಿಂಬದಿಯನ್ನೂ ಓದಬೇಕು. ತಯಾರಕರ ಹೆಸರು ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ನಂಬರು, ಬಳಕೆಯ ಗಡುವು ಇರಲೇಬೇಕು. ಹೊರದೇಶದ್ದಾದರೆ ಆಮದು ಮಾಡಿದವರ ಹೆಸರು ಮತ್ತು ನೋಂದಣಿ ಸಂಖ್ಯೆ ಬೇಕು. ಇವಿಲ್ಲದ ಸೀಸೆಯನ್ನು ಎಷ್ಟೇ ಚೆನ್ನಾಗಿದ್ದರೂ ಮೈಗೆ ತಾಗಿಸಬೇಡಿ. ಒಳವಸ್ತುಗಳ ಪಟ್ಟಿಯಲ್ಲಿ ಬ್ಯುಟೈಲ್‌ಫಿನೈಲ್ ಮೀಥೈಲ್‌ಪ್ರೊಪಿಯೊನಾಲ್ ಎಂಬ ಹೆಸರು ಕಂಡರೆ ಕೆಳಗಿಟ್ಟುಬಿಡಿ. ಲಿಲಿಯಾಲ್ ಎಂದು ಕರೆಯುತ್ತಿದ್ದ ಇದನ್ನು ಸಂತಾನಶಕ್ತಿಗೆ ಹಾನಿ ಮಾಡಬಹುದೆಂಬ ಕಾರಣಕ್ಕೆ ಯುರೋಪ್ 2022ರ ಮಾರ್ಚ್‌ನಿಂದ ನಿಷೇಧಿಸಿದೆ. ಇಂಥ ನಿಷೇಧ, ಮಿತಿಗಳಿಂದಾಗಿ ಎಷ್ಟೋ ಹಳೆಯ ಮೂಲಗಳ ಸೂತ್ರವೂ ಬದಲಾಗಿದೆ. ತೊಂಬತ್ತರಲ್ಲಿ ನಿಮ್ಮ ಮಾವ ದುಬೈನಿಂದ ತಂದದ್ದು, ಇಂದು ಅದೇ ಹೆಸರಿನಲ್ಲಿ ಸಿಗುವುದು ಎರಡೂ ಒಂದೇ ಎಂದುಕೊಳ್ಳಬೇಕಿಲ್ಲ.

ಪೆಟ್ಟಿಗೆಯ ಮೇಲೆ ‘ಆಂಬರ್‌ಗ್ರಿಸ್’ ಎಂದು ಬರೆದಿದ್ದರೆ ಬೆಚ್ಚಬೇಕಾಗಿಲ್ಲ, ಬೀಗಬೇಕಾಗಿಯೂ ಇಲ್ಲ. ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಹುಟ್ಟುವ ಆ ವಸ್ತುವನ್ನು ಇಟ್ಟುಕೊಳ್ಳುವುದೂ ಮಾರುವುದೂ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ತಿಮಿಂಗಿಲದ ವಾಂತಿ ಎಂದು ಅದನ್ನು ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಸೀಸೆಯಲ್ಲಿರುವುದು ಅದರ ವಾಸನೆಯನ್ನು ಅನುಕರಿಸುವ ಆಂಬ್ರಾಕ್ಸನ್ ಎಂಬ ಅಣು. ಬಹಳ ಕಾಲದಿಂದ ಅದನ್ನು ಕ್ಲಾರಿ ಸೇಜ್ ಎಂಬ ಗಿಡದಿಂದ ತೆಗೆದ ವಸ್ತುವಿನಿಂದ ಮಾಡುತ್ತಾ ಬಂದಿದ್ದಾರೆ.

ಕೊಳ್ಳಬಹುದೇ ಎಂದರೆ, ಕೊಳ್ಳಬಹುದು, ಯಾವುದಕ್ಕೆ ಎಂದು ತಿಳಿದುಕೊಂಡು. ಬೆಳಿಗ್ಗೆ ಸ್ನಾನವಾದ ಮೇಲೆ, ಜಿಮ್ಮಿಗೆ, ಬೈಕಿನಲ್ಲಿ ಆಫೀಸಿಗೆ ಹೋಗುವ ಮುನ್ನ ಹಾಕಿಕೊಳ್ಳಲು ಆರುನೂರರ ಕಡಲು ಧಾರಾಳ ಸಾಕು. ಒಂದು ಚಿಮುಕಿಗೆ ಸುಮಾರು 0.1 ಮಿಲಿಲೀಟರ್ ಹಿಡಿಯಿರಿ, ತಲಾ ಅರವತ್ತು ಪೈಸೆ ಬೀಳುತ್ತದೆ. ಆ ಮೊದಲ ಹತ್ತು ನಿಮಿಷದ ತಂಪಿಗೆ ಅರವತ್ತು ಪೈಸೆ ಏನೂ ಅಲ್ಲ. ಇಡೀ ಸಂಜೆ ನಿಲ್ಲಬೇಕು, ಹತ್ತಿರ ಬಂದವರಿಗೆ ಹಿತವಾಗಬೇಕು ಎನ್ನುವ ಕಡೆ ಇದು ಕೈಕೊಡುತ್ತದೆ. ಅದಕ್ಕೆ ಇಡೀ ಸೀಸೆಯೇ ಬೇಕೆಂದಿಲ್ಲ. ಮೂಲವನ್ನೇ ಚಿಕ್ಕ ಅಳತೆಯಲ್ಲಿ, ನಂಬುವಂಥ ಕಡೆಯಿಂದ ತಂದಿಟ್ಟುಕೊಂಡರೆ ಆಯಿತು. ಹತ್ತು ಮಿಲಿಲೀಟರಿನಲ್ಲಿ ನೂರು ಚಿಮುಕು ಸಿಗುತ್ತದೆ. ಮದುವೆಗೆ ನಾಲ್ಕರಂತೆ ಹಾಕಿದರೂ ಇಪ್ಪತ್ತೈದು ಮದುವೆ, ಅಷ್ಟು ಕಡೆಯಿಂದ ವರ್ಷಕ್ಕೆ ಕರೆಯೋಲೆ ಬರುವವರು ಕಲ್ಯಾಣಮಂಟಪದ ಮಾಲೀಕರು ಮಾತ್ರ.